ಹಿರೇಬೆಣಕಲ್ಲಿನ ಮೋರ್ಯರ ಮನೆಗಳು
(ಉಪಾಧ್ಯಾಯರ ಕೂಟದಲ್ಲಿ ಮಾಡಿದ ಭಾಷಣ)



ಹಂಪೆಯನ್ನು ನೋಡದವರು ಈ ಸಭೆಯಲ್ಲಿ ವಿರಳ. ಆದರೆ ಅಲ್ಲಿಂದ ಬಹುದೂರವಿಲ್ಲದ, ಗಂಗಾವತಿಯ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಹಿರೇಬೆಣಕಲ್ಲಿನ ಬೆಟ್ಟವನ್ನು ಹತ್ತಿದವರೆಷ್ಟು ಮಂದಿ? ವಿಜಯನಗರಕ್ಕಿಂತ ಒಂದೂವರೆ ಸಾವಿರ ವರ್ಷಗಳಿಗೂ ಹಿಂದಿನ ಒಂದು ಊರು ಅಲ್ಲಿದೆ; ಅದು ಸತ್ತವರ ಊರು.

ಗುಂಡುಗಳ ನಡುವೆ ಏರಿ ನಾವು ಮೇಲಿನ ಬಯಲನ್ನು ಸೇರಿದಾಗ ಕೇರಿಯನ್ನೇ ಹೊಕ್ಕಂತಾಯಿತು. ಮೂರು ಕಡೆ ನೆಟ್ಟ ಚಪ್ಪಡಿಗಳು, ನಾಲ್ಕನೆಯದರಲ್ಲಿ ದುಂಡನೆಯ ಕಿಂಡಿ, ಮೇಲೊಂದು ಹಾಸುಗಲ್ಲು. ಕೆಲವು ಮೊಣಕಾಲೆತ್ತರ, ಕೆಲವು ಎಂಟು ಹತ್ತು ಅಡಿ. ಇಂತಹ ರಚನೆಗಳು ನೂರಾರು. ಕ್ರಿ. ಪೂ. 800ರಿಂದ 200ರವರೆಗಿನವೆಂಬುದು ವಿದ್ವಾಂಸರ ಅಂದಾಜು. ಸುಣ್ಣವಿಲ್ಲ, ಗಾರೆಯಿಲ್ಲ; ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿದೆ. ಚಪ್ಪಡಿಗಳನ್ನು ಎಬ್ಬಿಸಿದ ಕುಳಿಯಲ್ಲಿ ಮಳೆನೀರು ನಿಂತು ಹತ್ತಿರವೇ ಕೊಳವಾಗಿದೆ. ಬಂಡೆಯೊಂದರ ಮೇಲೆ ಕುಳಿತಿರುವ ಬೃಹತ್ತಾದ ನಗಾರಿಗುಂಡನ್ನು ಮರದ ಕೊಡತಿಯಿಂದ ಬಡಿದರೆ ದೂರದವರೆಗೂ ನಾದ ಕೇಳುವುದು.

ಜನರು ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಮೋರ್ಯರೆಂದರೆ ಗಿಡ್ಡ ಜನರಂತೆ, ಕಿಂಡಿಯಿಂದಲೇ ಒಳಹೊರಗೆ ಓಡಾಡುತ್ತಿದ್ದರಂತೆ! ಕಥೆ ಸೊಗಸಾದುದು, ಮಕ್ಕಳಿಗೆ ಹೇಳಲು ಅಡ್ಡಿಯಿಲ್ಲ. ಆದರೆ ಇಂತಹ ಗೋರಿಗಳ ಮರ್ಮವನ್ನು ಅಗೆತವೇ ತಿಳಿಸಿದೆ. 1947ರಲ್ಲಿ ವ್ಹೀಲರರು ಬ್ರಹ್ಮಗಿರಿಯಲ್ಲಿ ಅಗೆಯಿಸಿದಾಗ, ಕಿಂಡಿಯುಳ್ಳ ಕಲ್ಲುಗೋರಿಗಳೊಳಗೆ ಆಯ್ದಿಟ್ಟ ಎಲುಬುಗಳು, ಕಪ್ಪು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು ದೊರೆತವು. ಕಬ್ಬಿಣವನ್ನು ಕರಗಿಸಬಲ್ಲ ಜನರನ್ನು ಕಾಡುಜನರೆಂದು ತಳ್ಳಿಬಿಡಲಾಗದು.

ಅವರು ಕನ್ನಡಿಗರೇ? ಹಾಗೆಂದು ಸಾರುವ ಆತುರ ನಮ್ಮಲ್ಲಿ ಕೆಲವರಿಗುಂಟು. ಅಕ್ಷರವೊಂದನ್ನೂ ಬಿಡದೆ ಹೋದವರ ಬಾಯಲ್ಲಿ ನಮ್ಮ ಭಾಷೆಯನ್ನು ತುರುಕುವುದು ದೇಶಾಭಿಮಾನವಲ್ಲ. ಅವರು ನಮ್ಮ ನೆಲದವರು, ಅಷ್ಟು ಸಾಕು.

ನಮ್ಮನ್ನು ನೋಯಿಸಿದ ಸಂಗತಿ ಬೇರೆ. ಎಷ್ಟೋ ಮನೆಗಳ ಚಪ್ಪಡಿಗಳು ಒಡೆದು ನೆಲಕ್ಕೊರಗಿವೆ. ಕಾಲ ಕೆಡವಿದ್ದು ಕೆಲವು. ನಿಧಿಯ ಆಸೆ ಕೆಡವಿದ್ದು ಕೆಲವು. 2021ರಲ್ಲಿ ಈ ಸ್ಥಳವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಪಟ್ಟಿಯು ಬೆಟ್ಟದ ಮೇಲೆ ಕಾವಲು ಕೂರದು. ಅಲ್ಲಿ ಹೊನ್ನಿಲ್ಲ, ಎಲುಬು ಮಡಕೆಗಳ ಚೂರುಗಳೇ ಇರುವುವು ಎಂಬ ಮಾತು ಸುತ್ತಲಿನ ಹಳ್ಳಿಗಳ ಶಾಲೆಗಳಲ್ಲಿ ಹಬ್ಬಬೇಕು. ಅದನ್ನು ಹಬ್ಬಿಸಬಲ್ಲವರು ತಾವೇ.

ಹೋಗುವವರು ಮಾಗಿಯಲ್ಲಿ, ಬಿಸಿಲೇರುವ ಮುನ್ನವೇ ಹೊರಡಿರಿ; ಕುಡಿಯುವ ನೀರನ್ನು ಕೆಳಗಿನಿಂದಲೇ ಒಯ್ಯಿರಿ, ದಾರಿ ಬಲ್ಲ ಊರವರೊಬ್ಬರು ಜೊತೆಗಿರಲಿ.