ದಂಡಿನ ಹೊಟ್ಟೆ, ಗಾಡಿಯ ಲೆಕ್ಕ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದರು. ನಾನು ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟವೊಂದರ ವಿಚಾರ ಹೇಳುತ್ತೇನೆ. ತಂದೆತಾಯಂದಿರು ಗಾಬರಿಯಾಗಬೇಡಿ. ಇದರಲ್ಲಿ ಗುಂಡು ಹಾರಿಸುವುದಕ್ಕಿಂತ ಮೂಟೆ ಎಣಿಸುವ ಕೆಲಸವೇ ಹೆಚ್ಚು.

ಇನ್ನೂರು ವರ್ಷಗಳ ಹಿಂದೆ ಫ್ರಾನ್ಸಿನ ನೆಪೋಲಿಯನ್ ಯುರೋಪಿನ ಉದ್ದಗಲಕ್ಕೂ ಯುದ್ಧ ಮಾಡಿದ. ಅದರ ಮೇಲೆ ಇಂಥ ಆಟಗಳು ಹಲವು ಬಂದಿವೆ; 'ನೆಪೋಲಿಯನ್ಸ್ ಕ್ಯಾಂಪೇನ್ಸ್' ಅವುಗಳಲ್ಲೊಂದು. ಪರದೆಯ ತುಂಬ ನಕ್ಷೆ. ಅದರಲ್ಲಿ ಊರು, ಹೊಳೆ, ರಸ್ತೆ. ದಂಡು ಮುಂದೆ ಹೋದ ಹಾಗೆ ನಾವು ಹಿಂದೆ ಉಗ್ರಾಣಗಳನ್ನು ಕಟ್ಟುತ್ತಾ ಬರಬೇಕು. ದವಸ, ಮದ್ದುಗುಂಡು ಒಂದು ಉಗ್ರಾಣದಿಂದ ಇನ್ನೊಂದಕ್ಕೆ, ಅಲ್ಲಿಂದ ದಂಡಿಗೆ ಸಾಗುತ್ತದೆ. ನಡುವಿನ ಒಂದು ಕೊಂಡಿ ಶತ್ರುವಿನ ಕೈಸೇರಿದರೆ ಮುಂದಿರುವವರಿಗೆ ಉಪವಾಸ. ಹೊಸಬರು ಗಾಡಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಫಿರಂಗಿಗಳನ್ನು ಕೂಡಿಸುತ್ತಾರೆ. ಒಂದು ಕಾಳಗವೂ ನಡೆಯದೆ ಅವರ ದಂಡು ಕರಗಿಹೋಗುತ್ತದೆ.

ಏಕೆ ಹೀಗೆ? ಮಕ್ಕಳೇ, ಒಂದು ಲೆಕ್ಕ ಮಾಡೋಣ. ನಾಲ್ಕು ಕುದುರೆಯ ಗಾಡಿಯೊಂದು 1000 ಕೆ.ಜಿ. ಹೊರುತ್ತದೆ ಎಂದುಕೊಳ್ಳಿ. ಒಂದು ಕುದುರೆಗೆ ದಿನಕ್ಕೆ 10 ಕೆ.ಜಿ. ಮೇವು, ನಾಲ್ಕಕ್ಕೆ 40. ಹೋಗಲು 12 ದಿನ, ಬರಲು 12 ದಿನ. ಒಟ್ಟು 960 ಕೆ.ಜಿ. ಕುದುರೆಗಳೇ ತಿಂದವು. ಸಿಪಾಯಿಗೆ ಉಳಿದದ್ದು 40. ಗಾಡಿ ಹೊಡೆಯುವವನ ಊಟವನ್ನು ನಾನಿನ್ನೂ ಸೇರಿಸಿಲ್ಲ! ಅದಕ್ಕೇ ಆಟದಲ್ಲಿ ನಾನು ಆದಷ್ಟೂ ಹೊಳೆಯ ದಂಡೆ ಹಿಡಿದೇ ಹೋಗುತ್ತೇನೆ. ದೋಣಿ ಹುಲ್ಲು ತಿನ್ನುವುದಿಲ್ಲ.

ದಾರಿಯಲ್ಲಿ ಮೇವು ಸಿಗುವುದಿಲ್ಲವೇ ಎಂದು ಇಲ್ಲಿರುವ ರೈತರು ಕೇಳಬಹುದು. ಸಿಗುತ್ತದೆ. 1805ರಲ್ಲಿ ನೆಪೋಲಿಯನ್ ರೈನ್ ನದಿಯಿಂದ ಡ್ಯಾನ್ಯೂಬಿನವರೆಗೆ ಅಷ್ಟು ವೇಗವಾಗಿ ಹೋದದ್ದು ಸಮೃದ್ಧವಾದ ಸೀಮೆಯಲ್ಲಿ, ಸುಗ್ಗಿ ಮುಗಿದ ಕಾಲದಲ್ಲಿ. 1812ರಲ್ಲಿ ಹಾಗಿರಲಿಲ್ಲ. ಡಾನ್ಸಿಗ್, ಕೋನಿಗ್ಸ್‌ಬರ್ಗ್ ಪಟ್ಟಣಗಳ ಉಗ್ರಾಣಗಳನ್ನು ಅವನು ತುಂಬಿಸಿಟ್ಟಿದ್ದ, ಸಾವಿರಾರು ಗಾಡಿ ಕಟ್ಟಿಸಿದ್ದ. ಆದರೆ ಜೂನ್ 24ರಂದು ನೀಮನ್ ನದಿ ದಾಟಿದ ಮೇಲೆ ಭಾರದ ಗಾಡಿಗಳು ಕೆಸರಿನಲ್ಲಿ ಹೂತವು. ಹಸಿ ಪೈರು ಮೇಯ್ದು ಕುದುರೆಗಳು ಹೊಟ್ಟೆನೋವಿನಿಂದ ಸತ್ತವು. ಹಸಿ ಪೈರಿಗೆ ಬಾಯಿ ಹಾಕಿದ ದನದ ಗತಿ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹಿಮ ಅವನನ್ನು ಸೋಲಿಸಿತು ಎಂದು ಎಲ್ಲರೂ ಹೇಳುತ್ತಾರೆ, ನನಗೆ ಅದು ಅರ್ಧ ಮಾತು. ಮಿನಾರ್ ಎಂಬ ಫ್ರೆಂಚ್ ಎಂಜಿನಿಯರ್ 1869ರಲ್ಲಿ ಬರೆದ ಪ್ರಸಿದ್ಧ ನಕ್ಷೆಯಲ್ಲಿ ಹೊರಟವರು 4,22,000, ಮಾಸ್ಕೋ ಮುಟ್ಟಿದವರು 1,00,000, ಹಿಂದಿರುಗಿದವರು 10,000. ಹಿಂದೆ ಕಾವಲಿಗೆ ಬಿಟ್ಟವರನ್ನು ಕಳೆದರೂ, ಹಿಮ ಬೀಳುವ ಮೊದಲೇ ಆದ ನಷ್ಟ ಎಷ್ಟು ನೋಡಿ.

ಅದೇ ಕಾಲದಲ್ಲಿ ಸ್ಪೇನಿನ ಕಡೆ ನೆಪೋಲಿಯನ್ನನ ಸೇನಾನಿಗಳನ್ನು ಸೋಲಿಸಿದ ವೆಲಿಂಗ್ಟನ್ ಈ ಪಾಠ ಕಲಿತದ್ದು ನಮ್ಮ ಸೀಮೆಯಲ್ಲಿ. ಆಗ ಅವನ ಹೆಸರು ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಸೇನೆ ಅವನ ಕೈಯಲ್ಲಿತ್ತು. ಮರುವರ್ಷ ಧೋಂಡಿಯ ವಾಘನನ್ನು ತುಂಗಭದ್ರೆಯಾಚೆ ಅಟ್ಟಿಸಿಕೊಂಡು ಹೋದಾಗ ಅವನ ದಂಡಿಗೆ ದವಸ ತಂದವರು ಹೇರೆತ್ತುಗಳ ಲಂಬಾಣಿ ವ್ಯಾಪಾರಿಗಳು. ಅದಕ್ಕೂ ಮೊದಲು, 1791ರಲ್ಲಿ, ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರವೇ ಬಂದು, ಎತ್ತು ಸತ್ತು, ದವಸ ಮುಗಿದು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ್ದ. ಹತ್ತೊಂಬತ್ತು ವರ್ಷಗಳ ಮೇಲೆ ವೆಲಿಂಗ್ಟನ್ ಲಿಸ್ಬನ್ನಿನ ಮುಂದೆ ಕೋಟೆಸಾಲು ಕಟ್ಟಿ ಕೂತ. ಅವನಿಗೆ ಹಡಗಿನಲ್ಲಿ ಊಟ ಬರುತ್ತಿತ್ತು. ಎದುರಿಗಿದ್ದ ಮಸೇನನ ದಂಡು ಬರಿದಾದ ನೆಲದಲ್ಲಿ ಹಸಿದು, 1811ರ ಮಾರ್ಚಿನಲ್ಲಿ ಹಿಂದೆ ಸರಿಯಿತು.

ಇಂಥ ಆಟಗಳ ಮೇಲೆ ನನಗೊಂದು ತಕರಾರಿದೆ. ದಂಡು ಹಳ್ಳಿಯಿಂದ ದವಸ ಎತ್ತಿಕೊಂಡರೆ ಪರದೆಯ ಮೇಲೆ ಒಂದು ಅಂಕಿ ಬದಲಾಗುತ್ತದೆ, ಅಷ್ಟೆ. ಆ ಹಳ್ಳಿಯವರು ಬಿತ್ತನೆಗೆ ಇಟ್ಟುಕೊಂಡಿದ್ದ ಕಾಳೂ ಅದರಲ್ಲಿ ಹೋಗಿರುತ್ತದೆ. ಮುಂದಿನ ವರ್ಷ ಅವರು ಏನು ಬಿತ್ತಿದರು ಎಂದು ಆಟ ತೋರಿಸುವುದಿಲ್ಲ.

ಊಟದ ಹೊತ್ತಾಯಿತು. ಮಕ್ಕಳು ಯಾರಾದರೂ ಆ ಲೆಕ್ಕವನ್ನು ಜೋಡೆತ್ತಿನ ಗಾಡಿಗೆ ಮಾಡಿ ತಂದು ತೋರಿಸಿ, ನೋಡೋಣ.