ಹಳೆಯ ಮೋಟಾರಿನ ತಂತಿಕಟ್ಟು

ಹಳೆಯ ಮೋಟಾರು ಗಾಡಿಗಳನ್ನು ಅಕ್ಕರೆಯಿಂದ ಉಳಿಸಿಕೊಂಡು ಬರುವವರು ನಮ್ಮ ನಾಡಿನಲ್ಲಿ ಕಡಮೆಯೇನಲ್ಲ. ಧರ್ಮಸ್ಥಳದಲ್ಲಿ ಇಂತಹ ಗಾಡಿಗಳ ಸಂಗ್ರಹವೊಂದು ಸಾರ್ವಜನಿಕರ ದರ್ಶನಕ್ಕೆ ದೊರೆಯುತ್ತದೆ. ಅವುಗಳ ಮುಂದೆ ನಿಂತವರು ಮೈಬಣ್ಣವನ್ನೂ, ಹೊಳೆಯುವ ದೀಪಗಳನ್ನೂ, ಚರ್ಮದ ಪೀಠಗಳನ್ನೂ ನೋಡಿ ಮೆಚ್ಚುತ್ತಾರೆ. ಬಾನೆಟ್ಟಿನ ಕೆಳಗೆ ಅಡಗಿರುವ ತಂತಿಗಳ ಕಟ್ಟನ್ನು ಕೇಳುವವರಿಲ್ಲ. ಆದರೆ ಗಾಡಿಯು ಉಳಿಯುವುದೂ ಉರಿದುಹೋಗುವುದೂ ಅನೇಕ ವೇಳೆ ಆ ಕಟ್ಟನ್ನೇ ಅವಲಂಬಿಸಿರುತ್ತದೆ. ಅದನ್ನು ಬಿಚ್ಚಿ, ಪರೀಕ್ಷಿಸಿ, ಮರಳಿ ಸುತ್ತಿ ಭದ್ರಪಡಿಸುವ ಬಗೆಯನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಮೋರಿಸ್ ಮೈನರ್ ಗಾಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಲೆಕ್ ಇಸಿಗೋನಿಸ್ ಎಂಬಾತನು ರೂಪಿಸಿದ ಈ ಗಾಡಿ ಇಂಗ್ಲೆಂಡಿನಲ್ಲಿ ೧೯೪೮ರಲ್ಲಿ ಹೊರಬಂದಿತು, ೧೯೭೧ರವರೆಗೆ ತಯಾರಾಯಿತು. ಇದರ ಮೊದಮೊದಲಿನ ಗಾಡಿಗಳಲ್ಲಿ ತಾಮ್ರದ ಎಳೆಗಳ ಮೇಲೆ ರಬ್ಬರು, ರಬ್ಬರಿನ ಮೇಲೆ ಬಣ್ಣದ ನೂಲಿನ ಹೆಣಿಗೆ. ಅಂತಹ ಹತ್ತಾರು ತಂತಿಗಳನ್ನು ಒಟ್ಟುಗೂಡಿಸಿ, ಅವುಗಳ ಮೇಲೆ ಮತ್ತೊಂದು ನೂಲಿನ ಹೊದಿಕೆ. ಬಣ್ಣಗಳಿಗೂ ಒಂದು ನಿಯಮವುಂಟು. ಕಂದು ತಂತಿ ಬ್ಯಾಟರಿಯಿಂದ ನೇರವಾಗಿ ಬರತಕ್ಕದ್ದು; ಬಿಳಿಯದು ಕೀಲಿಯನ್ನು ತಿರುವಿದಾಗ ಜೀವ ತಳೆಯುವುದು; ಹಸಿರು, ಆಮೇಲೆ ಫ್ಯೂಸನ್ನು ದಾಟಿ ಬಂದದ್ದು; ನೀಲಿ, ಮುಂದಿನ ದೊಡ್ಡ ದೀಪಗಳದು; ಕೆಂಪು, ಪಕ್ಕದ ಮತ್ತು ಹಿಂದಿನ ದೀಪಗಳದು; ಕಪ್ಪು, ಗಾಡಿಯ ಮೈಯನ್ನು ಸೇರುವುದು.

ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಏನು ಮಹಾ ಅಪಾಯ ಎಂದು ಕೇಳುವವರುಂಟು. ಮುಟ್ಟಿದವರಿಗೆ ಆಘಾತವಾಗದು, ನಿಜ. ಆದರೆ ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ೪೨ ವಾಟಿನ ಎರಡು ದೀಪಗಳು ಉರಿಯುವಾಗ ಹರಿಯುವುದು ೭ ಆಂಪಿಯರು. ರಬ್ಬರು ಸವೆದು ಬರಿದಾದ ತಾಮ್ರ ತಗಡನ್ನು ಮುಟ್ಟಿತೆಂದರೆ ಬ್ಯಾಟರಿಯು ಅದರ ಹಲವು ಪಾಲು ಪ್ರವಾಹವನ್ನು ಒಮ್ಮೆಗೇ ಸುರಿಯುತ್ತದೆ. ಹಳೆಯ ಮೈನರಿನಲ್ಲಿ ೩೫ ಆಂಪಿಯರಿನ ಎರಡೇ ಫ್ಯೂಸುಗಳು. ದೊಡ್ಡ ದೀಪಗಳ ತಂತಿಗಾಗಲಿ, ಬ್ಯಾಟರಿಯಿಂದ ಬರುವ ಕಂದು ತಂತಿಗಾಗಲಿ ಅವುಗಳ ರಕ್ಷಣೆಯಿಲ್ಲ. ಅಲ್ಲಿ ಹೊದಿಕೆಯೇ ಕಾವಲುಗಾರ.

ಕೆಲಸಕ್ಕೆ ತೊಡಗುವ ಮುನ್ನ ಬ್ಯಾಟರಿಯಲ್ಲಿ ಗಾಡಿಯ ಮೈಗೆ ಸೇರಿದ ತುದಿಯನ್ನು ಮೊದಲು ಕಳಚಬೇಕು. ಹಳೆಯ ಮೈನರುಗಳಲ್ಲಿ ಹಾಗೆ ಸೇರಿರುವುದು ಧನಧ್ರುವ ಎಂಬುದನ್ನು ಮರೆಯಬಾರದು. ಜೀರ್ಣವಾದ ಓಲೆಗರಿಯ ಕಟ್ಟನ್ನು ಬಿಚ್ಚುವ ಪಂಡಿತರು ಗರಿಗಳ ಕ್ರಮ ತಪ್ಪದಂತೆ ಎಷ್ಟು ಎಚ್ಚರ ವಹಿಸುತ್ತಾರೋ ಅಷ್ಟೇ ಎಚ್ಚರ ಇಲ್ಲಿಯೂ ಬೇಕು. ಪ್ರತಿಯೊಂದು ತುದಿಗೂ ಅಂಕೆ ಬರೆದ ಚೀಟಿ ಕಟ್ಟಬೇಕು, ಯಾವ ಕವಲು ಎಲ್ಲಿ ಒಡೆಯುತ್ತದೆಂಬುದನ್ನು ಅಳೆದು ಬರೆದುಕೊಳ್ಳಬೇಕು, ಛಾಯಾಚಿತ್ರಗಳನ್ನೂ ತೆಗೆದಿಟ್ಟುಕೊಳ್ಳಬೇಕು. ಬಣ್ಣ ಮಾಸಿದ ತಂತಿಗಳಲ್ಲಿ ಕಂದು ಯಾವುದು, ಕೆಂಪು ಯಾವುದು ಎಂದು ಕಣ್ಣು ಹೇಳಲಾರದು.

ಹಳೆಯ ಸುತ್ತನ್ನು ಬಿಚ್ಚಿದ ಮೇಲೆ ತಂತಿಗಳನ್ನು ಸೌಮ್ಯವಾದ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರಸಿ ಒಣಗಿಸಬೇಕು. ಪೆಟ್ರೋಲು ಕೂಡದು, ಅದು ರಬ್ಬರನ್ನು ಕೆಡಿಸುತ್ತದೆ. ಬಳಿಕ ಪ್ರತಿಯೊಂದು ತಂತಿಯನ್ನೂ ಮೆಲ್ಲಗೆ ಬಾಗಿಸಿ ನೋಡಬೇಕು. ರಬ್ಬರು ಬಿರಿದರೆ, ಪುಡಿಯಾಗಿ ಉದುರಿದರೆ, ಆ ತಂತಿಯ ಆಯುಸ್ಸು ತೀರಿತೆಂದೇ ಅರ್ಥ. ಅದಕ್ಕೆ ಬದಲಾಗಿ ಅಷ್ಟೇ ದಪ್ಪದ ತಾಮ್ರವುಳ್ಳ ಹೊಸ ತಂತಿಯನ್ನು ಹಾಕಬೇಕೇ ಹೊರತು ಮೇಲೊಂದು ಸುತ್ತು ಸುತ್ತಿ ತೃಪ್ತರಾಗಬಾರದು. ಹೊಸ ಬಟ್ಟೆಯನ್ನು ಹೊದಿಸಿದ ಮಾತ್ರಕ್ಕೆ ಒಳಗಿನ ಹುಣ್ಣು ಮಾಯದು.

ಇನ್ನು ಸುತ್ತುವ ಪಟ್ಟಿಯ ವಿಚಾರ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಅಂಟಿನ ಟೇಪು ಎಂಜಿನ್ನಿನ ಬಿಸಿಗೆ ಕರಗಿ ಜಿಗುಟಾಗುತ್ತದೆ. ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಸುತ್ತೇ ಬಿಚ್ಚಿಕೊಳ್ಳುತ್ತದೆ. ಅಂಟಿಲ್ಲದ ಪಿ.ವಿ.ಸಿ. ಪಟ್ಟಿ ಅಥವಾ ಬಿಸಿ ತಾಳುವ ಬಟ್ಟೆಯ ಟೇಪು ಉತ್ತಮ. ಮೊದಲು ಕವಲುಗಳನ್ನು ಸುತ್ತಿ ಬಳಿಕ ನಡುವಣ ಕಾಂಡಕ್ಕೆ ಬರಬೇಕು. ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚಿದರೆ ಎಲ್ಲೆಡೆಯೂ ಎರಡು ಪದರ ದೊರೆಯುತ್ತದೆ. ಮಂಗಳೂರು ಹೆಂಚನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಹೊದಿಸುವುದನ್ನು ಎಲ್ಲರೂ ಬಲ್ಲರು. ಇಲ್ಲಿಯೂ ಕೆಳತುದಿಯಿಂದ ಮೇಲಕ್ಕೆ ಸುತ್ತಿದರೆ ನೀರು ಒಳನುಗ್ಗದೆ ಜಾರಿಹೋಗುತ್ತದೆ. ಪಟ್ಟಿಯನ್ನು ಅತಿಯಾಗಿ ಎಳೆಯಬಾರದು. ಕಟ್ಟು ಗಾಡಿಯೊಳಗೆ ಬಾಗಿ ಮಲಗಬೇಕಾದ ರೀತಿಯಲ್ಲೇ ಇಟ್ಟುಕೊಂಡು ಸುತ್ತುವುದು ಲೇಸು.

ಸುತ್ತಿದ ಕಟ್ಟನ್ನು ಕೂರಿಸುವುದರಲ್ಲಿಯೂ ವಿವೇಕ ಬೇಕು. ಎಂಜಿನ್ನಿಗೂ ನಾವು ಕುಳಿತುಕೊಳ್ಳುವ ಸ್ಥಳಕ್ಕೂ ನಡುವೆ ಇರುವ ತಗಡಿನ ಗೋಡೆಯನ್ನು ಅದು ದಾಟುವಲ್ಲಿ ಗ್ರಾಮೆಟ್ ಎಂಬ ರಬ್ಬರಿನ ಬಳೆ ಇರಲೇಬೇಕು; ಇಲ್ಲವಾದರೆ ತಗಡಿನ ಅಂಚು ಗರಗಸದಂತೆ ಕೊಯ್ಯುತ್ತದೆ. ಹೊಗೆಕೊಳವೆಯಿಂದ ಕಟ್ಟು ದೂರವಿರಬೇಕು. ಓಡುವಾಗ ಎಂಜಿನ್ನು ಅಲುಗುವುದರಿಂದ ಅದಕ್ಕೂ ಗಾಡಿಯ ಮೈಗೂ ನಡುವೆ ತಂತಿ ಸ್ವಲ್ಪ ಸಡಿಲವಾಗಿರಬೇಕು. ಕಂದು ತಂತಿಗೆ ಬ್ಯಾಟರಿಯ ಬಳಿಯಲ್ಲೇ ತಕ್ಕ ಫ್ಯೂಸೊಂದನ್ನು ಸೇರಿಸುವುದು ಮೂಲರೂಪಕ್ಕೆ ಭಂಗವೆಂದು ಕೆಲವರು ಭಾವಿಸುವರು. ಗಾಡಿಯೇ ಸುಟ್ಟುಹೋದ ಮೇಲೆ ಮೂಲರೂಪವೆಲ್ಲಿ ಉಳಿಯಿತು?

ಕಡೆಯದಾಗಿ ಒಂದು ಪರೀಕ್ಷೆ. ಸ್ವಿಚ್ಚುಗಳನ್ನೆಲ್ಲ ಆರಿಸಿ, ಬ್ಯಾಟರಿಯ ತುದಿಗೂ ಅದಕ್ಕೆ ಸೇರಬೇಕಾದ ತಂತಿಗೂ ನಡುವೆ ಚಿಕ್ಕದೊಂದು ಬಲ್ಬನ್ನು ಹಿಡಿಯಬೇಕು. ಅದು ಪ್ರಕಾಶವಾಗಿ ಉರಿದರೆ ಎಲ್ಲಿಯೋ ಪ್ರವಾಹ ಸೋರುತ್ತಿದೆ ಎಂದು ತಿಳಿಯಬೇಕು. ಈ ಪರೀಕ್ಷೆಯನ್ನು ಸುತ್ತುವುದಕ್ಕೆ ಮೊದಲೂ ಮಾಡಬೇಕು, ಸುತ್ತಿದ ಮೇಲೂ ಮಾಡಬೇಕು. ಏಕೆಂದರೆ ಸುತ್ತು ಬಿದ್ದ ಮೇಲೆ ಒಪ್ಪೂ ಕಾಣದು, ತಪ್ಪೂ ಕಾಣದು. ನೋಡುವವರ ಮೆಚ್ಚಿಕೆ ಹೊರಗಿನ ಬಣ್ಣಕ್ಕೆ ಸಲ್ಲಲಿ. ಯಾರೂ ನೋಡದ ಈ ಕೆಲಸವನ್ನು ಶುದ್ಧವಾಗಿ ಮಾಡಿದವನಿಗೆ ರಾತ್ರಿಯ ಪ್ರಯಾಣದಲ್ಲಿ ನಿಶ್ಚಿಂತೆಯೇ ಸಾಕಾದಷ್ಟು ಸಂಭಾವನೆ.