ಹಳೆಯ ನಕ್ಷೆ ಹಿಡಿದು ಊರು ಸುತ್ತುವುದು

(ಗೊರವನಹಳ್ಳಿಯಲ್ಲಿ ನಡೆದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



ಸ್ಥಳೀಯ ಇತಿಹಾಸದ ಬಗ್ಗೆ ಮಾತನಾಡಬೇಕೆಂದು ಪದಾಧಿಕಾರಿಗಳು ಕೇಳಿದಾಗ ನಾನು ಪುಸ್ತಕ ತರುವುದಿಲ್ಲ, ಕಾಗದ ತರುತ್ತೇನೆ ಎಂದೆ. ಈ ಮೇಜಿನ ಮೇಲೆ ಹರಡಿರುವುದು ಆ ಕಾಗದಗಳು. ಭಾರತೀಯ ಸರ್ವೇಕ್ಷಣ ಇಲಾಖೆಯ ಭೂಪಟಗಳು. ನಾವು ಮೇಷ್ಟ್ರುಗಳು ಇವನ್ನು ಟೋಪೋಶೀಟ್ ಎನ್ನುತ್ತೇವೆ. ಮಡಿಕೆ ಹರಿದ ಕಡೆ ಗೋಂದು ಹಚ್ಚಿ ಬಟ್ಟೆ ಅಂಟಿಸಿದ್ದೇನೆ, ಮುಟ್ಟುವಾಗ ಸ್ವಲ್ಪ ನಿಧಾನ.

ಮನೆಯಲ್ಲಿ ಉರ್ದು ಆಡುವ ಮಕ್ಕಳಿಗೆ ನಕ್ಷೆ ಎಂಬ ಪದವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಪಹಣಿಯಲ್ಲಿ ಬರುವ ಖುಷ್ಕಿ, ತರಿ, ಬಾಗಾಯ್ತು, ಖರಾಬು ಕೂಡ ನಿಮ್ಮ ನಾನಿ ದಾದಿಯರ ಬಾಯಲ್ಲಿದ್ದ ಮಾತುಗಳೇ. ರೈತ ಯಾವ ಜಾತಿಯವನಾದರೂ ಆಗಲಿ, ಅವನ ಒಣ ಹೊಲ ಖುಷ್ಕಿ, ನೀರಿನ ಗದ್ದೆ ತರಿ. ಕಂದಾಯದ ದಫ್ತರಗಳಲ್ಲಿ ಇನ್ನೊಂದು ಮಾತಿದೆ: ಬೇಚಿರಾಕ್ ಗ್ರಾಮ. ಜನವಸತಿ ಇಲ್ಲದ ಊರು ಎಂದು ಅರ್ಥ. ಶಾನುಭೋಗರ ಕಾಲದಿಂದ ಎಲ್ಲರೂ ಬರೆಯುತ್ತಾ ಬಂದಿದ್ದಾರೆ, ಪದದೊಳಗೆ ಏನಿದೆ ಎಂದು ಯೋಚಿಸಿದವರು ಕಡಿಮೆ. ಬೇ ಚಿರಾಗ್. ದೀಪ ಇಲ್ಲದ್ದು. ಸಂಜೆ ಹೊತ್ತು ದೀಪ ಹಚ್ಚುವವರು ಒಬ್ಬರೂ ಉಳಿದಿಲ್ಲದ ಊರು. ನಾನು ಇವತ್ತು ಹೇಳಬೇಕೆಂದಿರುವುದು ಇಂಥ ಊರುಗಳ, ಇಂಥ ಕೆರೆಗಳ ವಿಷಯ.

ಮೊದಲು ಈ ಕಾಗದ ಬಂದ ಬಗೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಹೊರಟ. ಅವನು 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಆ ಹುದ್ದೆಗಿಂತ ನಮಗೆ ಮುಖ್ಯವಾದದ್ದು, ಅವನೂ ಅವನ ದೇಶೀ ಸಹಾಯಕರೂ ಊರೂರಲ್ಲಿ ಕೈಫಿಯತ್ತುಗಳನ್ನು ಬರೆಸಿಕೊಂಡದ್ದು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ ಕೊಟ್ಟಿದ್ದಾರೆ. ಅದೇ ಕಾಲದಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಟ್ಟದಿಂದ ಬೆಟ್ಟಕ್ಕೆ ದುರ್ಬೀನು ಹಿಡಿದು ತ್ರಿಕೋನಗಳ ಸರಪಳಿ ಹೆಣೆಯುತ್ತಾ ಉತ್ತರಕ್ಕೆ ಹೋದ. ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ 1802ರಲ್ಲಿ ಶುರುವಾದ ಕೆಲಸ ಅದು. ಪಾವಗಡದಿಂದ ಬಂದ ಮಕ್ಕಳು ಕೈ ಎತ್ತಿ ನೋಡೋಣ. ನಿಮ್ಮ ಬೆಟ್ಟ ಆ ಸರಪಳಿಯ ಒಂದು ಕೊಂಡಿ. ಇಂಗ್ಲಿಷರ ಬರಹದಲ್ಲಿ ಅದು ‘ಪಾವ್ಘರ್’ ಎಂದು ಗುರುತು ಸಿಗದ ಹಾಗೆ ಆಗಿದೆ. ನಮ್ಮ ಮಧುಗಿರಿಯೂ ಹಳೆಯ ಗೆಜೆಟಿಯರುಗಳಲ್ಲಿ ಮದ್ದಗಿರಿ. ಆದ್ದರಿಂದ ಹಳೆಯ ನಕ್ಷೆಯಲ್ಲಿ ಊರು ಕಾಣಿಸಲಿಲ್ಲ ಎಂದು ಬೇಗ ಕೈಬಿಡಬೇಡಿ. ಹೆಸರನ್ನು ಗಟ್ಟಿಯಾಗಿ ಓದಿ. ಕಣ್ಣಿಗೆ ಸಿಗದ ಊರು ಕಿವಿಗೆ ಸಿಗುತ್ತದೆ.

ಹಾಳೆಯ ಮೂಲೆಯಲ್ಲಿರುವ ಸಂಖ್ಯೆ ನೋಡಿ ಹೆದರುವುದು ಬೇಡ. ನಾಲ್ಕು ಡಿಗ್ರಿ ಅಗಲ, ನಾಲ್ಕು ಡಿಗ್ರಿ ಎತ್ತರದ ಒಂದು ಚೌಕಕ್ಕೆ 57 ಎಂದು ಹೆಸರು. ಅದರೊಳಗೆ ಎ ಯಿಂದ ಪಿ ವರೆಗೆ ಹದಿನಾರು ಮನೆ, ಒಂದೊಂದು ಮನೆಯಲ್ಲೂ ಮತ್ತೆ ಹದಿನಾರು ಹಾಳೆ. ಮಧುಗಿರಿ 57 ಜಿ/2ರಲ್ಲಿದೆ, ಪಾವಗಡ 57 ಎಫ್/8ರಲ್ಲಿ, ಶಿರಾ 57 ಸಿ ಮನೆಯಲ್ಲಿ. ನಾಲ್ಕು ತಾಲ್ಲೂಕು ಸೇರಿ ಒಂದೇ ಶೈಕ್ಷಣಿಕ ಜಿಲ್ಲೆ, ಆದರೆ ನಕ್ಷೆಯ ಲೆಕ್ಕದಲ್ಲಿ ನಾವು ಮೂರು ಮನೆಗೆ ಹಂಚಿಹೋಗಿದ್ದೇವೆ. ಹಳೆಯವು ಒಂದು ಮೈಲಿಗೆ ಒಂದು ಅಂಗುಲದ ಲೆಕ್ಕದವು, ಆಮೇಲಿನವು ಐವತ್ತು ಸಾವಿರಕ್ಕೆ ಒಂದರ ಲೆಕ್ಕದವು. ಕಂದು ಗೆರೆಗಳು ಎತ್ತರದ ಗೆರೆಗಳು. ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ ಅವು ಒಂದರ ಮೇಲೊಂದು ಬಿದ್ದಂತೆ ಒತ್ತಾಗಿರುತ್ತವೆ. ಹತ್ತಿದವರಿಗೆ ಯಾಕೆಂದು ಗೊತ್ತು.

ಇನ್ನು ಒಂದೇ ಒಂದು ಎಚ್ಚರಿಕೆ. ಹಾಳೆಯ ಅಂಚಿನಲ್ಲಿ ಸರ್ವೆ ಆದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ ಇರುತ್ತದೆ. ಅನೇಕರು ಅಚ್ಚಾದ ವರ್ಷ ನೋಡಿ ‘ಆಗ ಈ ಕೆರೆ ಇತ್ತು’ ಎಂದು ಬರೆದುಬಿಡುತ್ತಾರೆ. ಸರ್ವೆಯವನು ಕಾಲಿಟ್ಟ ವರ್ಷವೇ ಸಾಕ್ಷಿ.

ಈಗ ನಾವು ಕೂತಿರುವ ಜಾಗದಿಂದಲೇ ಶುರು ಮಾಡೋಣ. ಗೊರವ ಎಂದರೆ ಶೈವ ಭಿಕ್ಷುಕ. ಕಂಬಳಿ ಹೊದ್ದು ಡಮರು ಬಾರಿಸುವ, ಮೈಲಾರಲಿಂಗನ ಒಕ್ಕಲಾದ ಗೊರವಯ್ಯನನ್ನು ನೀವು ಜಾತ್ರೆಯಲ್ಲಿ ನೋಡಿರಬಹುದು. ಅವನ ಹೆಸರು ಹೊತ್ತ ಊರಿಗೆ ಈಗ ಜನ ಬರುವುದು ಮಹಾಲಕ್ಷ್ಮಿಯ ಹೆಸರು ಕೇಳಿ. ಕಮಲಮ್ಮನವರ ಸೇವೆಯಿಂದ ಈ ಕ್ಷೇತ್ರ ಪ್ರಸಿದ್ಧಿಗೆ ಬಂದದ್ದು ಕಳೆದ ಶತಮಾನದಲ್ಲಿ. ಬೇರೆ ಬೇರೆ ಕಾಲದ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಮೂರು ವಿಷಯ ಹುಡುಕಿ. ಊರಿಗೆ ಬರುವ ದಾರಿ ಯಾವ ಹಾಳೆಯಲ್ಲಿ ಗಾಡಿ ಜಾಡು, ಯಾವುದರಲ್ಲಿ ರಸ್ತೆ? ದೇವಸ್ಥಾನದ ಗುರುತು ಯಾವಾಗಿನಿಂದ ಇದೆ? ಪಕ್ಕದ ತೀತಾ ಜಲಾಶಯದ ನೀಲಿ ಮೊದಲು ಯಾವ ಹಾಳೆಯಲ್ಲಿ ಕಾಣಿಸುತ್ತದೆ, ಅದಕ್ಕೆ ಮುಂಚಿನ ಹಾಳೆಯಲ್ಲಿ ಆ ಜಾಗದಲ್ಲಿ ಏನಿತ್ತು? ಉತ್ತರ ನಾನು ಹೇಳುವುದಿಲ್ಲ. ಊಟದ ನಂತರ ನೀವೇ ಹೇಳಬೇಕು.

ನಮ್ಮ ನಾಲ್ಕು ತಾಲ್ಲೂಕಿನ ಚರಿತ್ರೆಯಲ್ಲಿ ಕೋಟೆಗಳಿಗಿಂತ ಕೆರೆಗಳೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಪಾಠದಲ್ಲಿ ಕೋಟೆ ಬರುತ್ತದೆ, ಕೆರೆ ಬರುವುದಿಲ್ಲ. ಕೊರಟಗೆರೆ ಎಂಬ ಹೆಸರಿನ ಬಾಲದಲ್ಲೇ ಕೆರೆ ಇದೆ. ‘ಸಂದ್ರ’ ಎಂದು ಮುಗಿಯುವ ಊರುಗಳೆಲ್ಲ ಸಮುದ್ರಗಳು, ಎಂದರೆ ದೊಡ್ಡ ಕೆರೆಗಳು. ಪಾವಗಡದ ಸೋಲಾರ್ ಪಾರ್ಕ್ ನೋಡಿದವರು ಇದ್ದೀರಿ. ಸುಮಾರು 13,000 ಎಕರೆ, 2,050 ಮೆಗಾವಾಟ್, 2019ರ ಕೊನೆಯ ಹೊತ್ತಿಗೆ ಪೂರ್ತಿಯಾಯಿತು. ಅದು ಹರಡಿರುವ ಐದು ಊರುಗಳ ಹೆಸರು ಹೇಳುತ್ತೇನೆ, ಕೇಳಿಸಿಕೊಳ್ಳಿ: ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು. ಒಂದರಲ್ಲಿ ಸಮುದ್ರ. ಎರಡರಲ್ಲಿ ‘ಚೆರ್ಲು’, ಅಲ್ಲಿ ತೆಲುಗಿನ ಚೆರುವು, ಅಂದರೆ ಕೆರೆ, ಕೇಳಿಸುತ್ತದೆ. ಮಳೆ ಬಾರದ ತಾಲ್ಲೂಕು ಎಂದು ನಾವು ಕರೆಯುವ ಕಡೆ ಐದರಲ್ಲಿ ಮೂರು ಊರು ನೀರಿನ ಹೆಸರು ಇಟ್ಟುಕೊಂಡಿವೆ. ಬಿಸಿಲನ್ನು ಮಾರುವುದಕ್ಕೆ ಮುಂಚೆ ಅಲ್ಲಿಯ ಜನ ಮಳೆಯನ್ನು ಕೂಡಿಡುತ್ತಿದ್ದರು. ಪಾರ್ಕು ಬೇಡವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಗುತ್ತಿಗೆ ಹಣ ಬಂದ ಮನೆಗಳನ್ನೂ ಕಂಡಿದ್ದೇನೆ, ಕೂಲಿ ಹೋದ ಮನೆಗಳನ್ನೂ ಕಂಡಿದ್ದೇನೆ. ಆದರೆ ಆ ಹೊಲ, ಹಳ್ಳ, ಕಾಲುದಾರಿ, ಹುಣಸೆ ತೋಪು ಎಲ್ಲಿದ್ದವು ಎಂದು ಇನ್ನು ಮೂವತ್ತು ವರ್ಷದ ನಂತರ ಕೇಳಿದರೆ ಉತ್ತರ ಹೇಳಲು ಈ ಹಾಳೆ ಮಾತ್ರ ಇರುತ್ತದೆ. ಅಲ್ಲಿಯ ಅಜ್ಜಂದಿರು ಇರುವುದಿಲ್ಲ.

ಈ ಮಾತನ್ನು ನಾನು ಪರರ ಊರಿನ ಬಗ್ಗೆ ಸುಲಭವಾಗಿ ಹೇಳುತ್ತೇನೆ. ನನ್ನ ಮನೆಯ ವಿಷಯವನ್ನೂ ಹೇಳಬೇಕು. ನನ್ನ ತಂಗಿ ಒಂದು ಊರಿನ ಹೊಸ ಬಡಾವಣೆಯಲ್ಲಿ ಸೈಟು ತೆಗೆದುಕೊಂಡಳು. ಊರಿನ ಹೆಸರು ಬೇಡ. ಒಡವೆ ಮಾರಿ, ಸಾಲ ಮಾಡಿ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ನಾನೂ ಹೋಗಿ ಊಟ ಮಾಡಿ ಬಂದೆ. 2022ರ ಮಳೆ ನಿಮಗೆ ನೆನಪಿರಬೇಕು. ಆ ಮಳೆಯಲ್ಲಿ ಅವರ ಮನೆಯೊಳಗೆ ಮೊಣಕಾಲು ನೀರು. ಅಕ್ಕಿ ಮೂಟೆ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ಹೋಯಿತು. ಎರಡು ದಿನ ಬಿಟ್ಟು ನಾನು ಯಾಕೋ ಬೀರು ತೆಗೆದು ಆ ಊರಿನ ಹಾಳೆ ಬಿಡಿಸಿದೆ. 1970ರ ದಶಕದ ಸರ್ವೆ. ಅವಳ ಮನೆ ಇರುವ ಜಾಗದಲ್ಲಿ ಕೆರೆ. ಏರಿಯ ಗೆರೆ, ಅದರ ಪಕ್ಕದಲ್ಲಿ ಎತ್ತರ ಹೇಳುವ ಚಿಕ್ಕ ಅಂಕಿ. ಬಡಾವಣೆಯ ಮುಖ್ಯ ರಸ್ತೆ ಎಂದು ನಾವು ನಡೆದಾಡಿದ್ದು ಕೆರೆಯ ಏರಿಯ ಮೇಲೆ. ತಂಗಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ‘ಭಾಯ್, ಈ ಕಾಗದ ನಿಮ್ಮ ಬೀರುವಿನಲ್ಲಿ ಎಷ್ಟು ವರ್ಷದಿಂದ ಇದೆ?’ ಎಂದು ಕೇಳಿದಳು.

ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಇತ್ತು. ಪ್ರತಿ ವರ್ಷ ತರಗತಿಯಲ್ಲಿ ಅದನ್ನು ಹರಡಿ ಪಾಠ ಮಾಡುತ್ತಿದ್ದೆ. ಸೈಟು ಕೊಳ್ಳುವಾಗ ತೆಗೆದು ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಪಾಠ ಬೇರೆ, ಬದುಕು ಬೇರೆ ಎಂದು ನಾವು ಮೇಷ್ಟ್ರುಗಳೇ ನಂಬಿಬಿಟ್ಟಿರುತ್ತೇವೆ.

ದೀಪ ಆರಿದ ಊರುಗಳ ಮಾತಿಗೆ ಬರುತ್ತೇನೆ. ಹಾಳೆಯಲ್ಲಿ ನಿರ್ಜನ ಗ್ರಾಮಕ್ಕೆ ಪ್ರತ್ಯೇಕ ಗುರುತಿದೆ. ಅಂಥ ಜಾಗಕ್ಕೆ ಹೋದರೆ ಸಾಮಾನ್ಯವಾಗಿ ಸಿಗುವುದು ಒಂದು ಹಾಳು ಬಾವಿ, ಒಂದು ಗುಡಿ ಅಥವಾ ಗೋರಿ, ಕೆಲವು ದೊಡ್ಡ ಹುಣಸೆ ಮರ, ಹೊಲದ ತುಂಬ ಮಡಕೆ ಚೂರು. ಯಾಕೆ ಖಾಲಿಯಾಯಿತು ಎಂದು ನಕ್ಷೆ ಹೇಳುವುದಿಲ್ಲ. 1876ರಿಂದ 1878ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. 1898ರಿಂದ ಪ್ಲೇಗು ಬಂತು. ಕೆಲವು ಕಡೆ ಕೆರೆ ಒಡೆದು ಊರು ಎದ್ದುಹೋಯಿತು, ಕೆಲವು ಕಡೆ ಜನ ಹತ್ತಿರದ ರಸ್ತೆಗೆ ಸರಿದು ಹೊಸಹಳ್ಳಿ ಕಟ್ಟಿಕೊಂಡರು. ಯಾವ ಊರಿಗೆ ಯಾವುದು ಎಂಬುದು ಪಕ್ಕದ ಊರಿನ ಹಿರಿಯರ ಬಾಯಿಂದ ಬರಬೇಕು. ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ ನಮ್ಮ ಜಿಲ್ಲೆಯ ಶಾಸನಗಳದ್ದು. ಅದರಲ್ಲಿರುವ ಊರಿನ ಹೆಸರುಗಳನ್ನು ಬರೆದುಕೊಂಡು ಹಾಳೆಯಲ್ಲಿ ಹುಡುಕಿ. ಸಿಗದ ಹೆಸರುಗಳ ಪಟ್ಟಿಯೇ ಒಂದು ಸಂಶೋಧನೆಗೆ ಸಾಕು.

ಊರು ಖಾಲಿಯಾಗುವುದು ಹಳ್ಳಿಗಷ್ಟೇ ಬಂದದ್ದಲ್ಲ. ಶಿರಾ 1687ರಿಂದ ಮೊಗಲರ ಸುಬಾದ ರಾಜಧಾನಿ. ಅಲ್ಲಿಯ ಜುಮ್ಮಾ ಮಸೀದಿ 1696ರದು, ಮಲಿಕ್ ರಿಹಾನ್ ದರ್ಗಾ ಅದಕ್ಕೂ ಹಿಂದಿನದು. ಟಿಪ್ಪುವಿನ ಕಾಲದಲ್ಲಿ ಗಂಜಾಂ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಲಾಯಿತೆಂದು ರೈಸ್ ಬರೆಯುತ್ತಾರೆ. ನಮ್ಮವರು ಟಿಪ್ಪುವಿನ ವಿಷಯದಲ್ಲಿ ಇದನ್ನು ಹೇಳಲು ಹಿಂಜರಿಯುತ್ತಾರೆ. ಹಿಂಜರಿಯಬಾರದು. ಶಿರಾದ ಮಕ್ಕಳು ಹಾಳೆ ಹಿಡಿದು ಕೋಟೆಯಿಂದ ಹೊರಗೆ ನಡೆಯಿರಿ. ಮಸೀದಿ, ಈದ್ಗಾ, ಗೋರಿ, ಹಳೆಯ ಬಾವಿಗಳ ಗುರುತುಗಳನ್ನು ಸೇರಿಸುತ್ತಾ ಹೋದರೆ ಒಂದು ಕಾಲದ ಪೇಟೆ ಎಲ್ಲಿಯವರೆಗೆ ಇದ್ದಿರಬಹುದೆಂಬ ಅಂದಾಜು ನಿಮಗೇ ಬರುತ್ತದೆ.

ಈದ್ಗಾ, ಗೋರಿ ಎಂದ ಕೂಡಲೇ ಹಿರಿಯರು ಕೆಲವರು ಮುಂದಕ್ಕೆ ಬಾಗಿದರು. ಅವರಿಗೂ ಒಂದು ಮಾತು. ಹಿಂದೊಮ್ಮೆ ಒಂದು ಊರಿನ ಎರಡು ಕಡೆಯವರೂ ಬೇರೆ ಬೇರೆ ದಿನ ನನ್ನ ಮನೆಗೆ ಬಂದರು. ಖಬರಸ್ತಾನದ ಬೇಲಿಯ ಜಗಳ. ನಕ್ಷೆಯಲ್ಲಿ ಯಾರ ಕಡೆ ಇದೆ ಹೇಳಿ ಮೇಷ್ಟ್ರೇ ಎಂದರು. ನಾನು ಸ್ಕೇಲು ತೆಗೆದು ತೋರಿಸಿದೆ. ಅಂಗುಲದ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 63 ಮೀಟರ್. ಗೋರಿಯ ಗುರುತಿನ ಅಗಲವೇ ನಿಮ್ಮ ಜಗಳದ ಜಾಗಕ್ಕಿಂತ ದೊಡ್ಡದು. ಬೇಲಿಯ ನ್ಯಾಯ ಹೇಳುವುದು ಗ್ರಾಮ ನಕ್ಷೆ, ಟಿಪ್ಪಣಿ, ಆಕಾರಬಂದ್. ಅಲ್ಲಿ ಗೋರಿಗಳಿದ್ದವು ಎಂಬಷ್ಟನ್ನು ಈ ಹಾಳೆ ಹೇಳುತ್ತದೆ, ಯಾರದು ಎಂಬುದನ್ನಲ್ಲ. ಇಬ್ಬರಿಗೂ ಒಂದೇ ಉತ್ತರ ಕೊಟ್ಟದ್ದಕ್ಕೆ ಇಬ್ಬರಿಗೂ ಬೇಸರವಾಯಿತು.

ಈಗ ಹಾಳೆಗಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಸರ್ವೇಕ್ಷಣ ಇಲಾಖೆ 2017ರಿಂದ ಹೊಸ ಸರಣಿಯ ನಕ್ಷೆಗಳನ್ನು ಅಂತರ್ಜಾಲದಲ್ಲಿ ಬಿಟ್ಟಿದೆ. ಅಮೆರಿಕದ ಸೇನೆ 1950ರ ದಶಕದಲ್ಲಿ ಅಚ್ಚು ಹಾಕಿಸಿದ ಸಣ್ಣ ಮಾನದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ನೋಡಲು ಇಟ್ಟಿದೆ. ಕಂಪ್ಯೂಟರ್ ಬಲ್ಲ ಮಕ್ಕಳು ಹಳೆಯದನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುತ್ತೀರಿ. ಆಗ ಹಾಳೆ ನೂರು ಮೀಟರಿನಷ್ಟು ಪಕ್ಕಕ್ಕೆ ಜರುಗಿದಂತೆ ಕಂಡರೆ ಸರ್ವೆಯವನನ್ನು ಬಯ್ಯಬೇಡಿ. ಹಳೆಯ ಹಾಳೆಗಳು ಎವರೆಸ್ಟ್ ಎಂಬ ಭೂಗೋಲದ ಲೆಕ್ಕದವು, ನಿಮ್ಮ ಮೊಬೈಲು ಬೇರೆ ಲೆಕ್ಕದ್ದು. ಆ ವ್ಯತ್ಯಾಸವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಕೆರೆ ಏರಿ, ಬೆಟ್ಟದ ತುದಿ, ಹಳೆಯ ಗುಡಿ, ಮಸೀದಿ, ಇಂಥ ಕದಲದ ನಾಲ್ಕು ಗುರುತು ಹಿಡಿದು ಕೂರಿಸಿ.

ಹೆಚ್ಚು ಹೊತ್ತು ತೆಗೆದುಕೊಂಡೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾಳೆ ಬೆಳಿಗ್ಗೆ ಏಳು ಗಂಟೆಗೆ ಇಲ್ಲಿಯ ಬಸ್ ನಿಲ್ದಾಣದ ಹತ್ತಿರ ಸೇರೋಣ. ಐದೈದು ಜನಕ್ಕೆ ಒಂದು ಹಾಳೆಯ ನಕಲು. ನೀರಿನ ಬಾಟಲಿ, ಪೆನ್ಸಿಲ್, ತಲೆಗೆ ಟೋಪಿ ಅಥವಾ ದುಪಟ್ಟ ತನ್ನಿ. ಹೊಲಕ್ಕೆ ಕಾಲಿಡುವ ಮುಂಚೆ ಯಜಮಾನರನ್ನು ಕೇಳಬೇಕು. ದಾರಿಯಲ್ಲಿ ಸಿಕ್ಕ ಅಜ್ಜ ಅಜ್ಜಿಯರಿಗೆ ಮೊದಲು ನಕ್ಷೆ ತೋರಿಸಬೇಡಿ, ಮೊದಲು ಕೆರೆಯ ಹೆಸರು ಕೇಳಿ. ನನ್ನ ತಂಗಿಯೂ ಬರುತ್ತೇನೆ ಎಂದಿದ್ದಾಳೆ.